ದೇವರ ಕರೆಯೆಂದು ಹೇಗೆ ತಿಳಿಯುವುದು? ಜರ್ಮನಿಗೆ ಹೋಗಲೇ, ಹಾಸನದಲ್ಲೇ ಉಳಿಯಲೇ?

ಕಾಫಿಹೂವು, ಸಕಲೇಶಪುರ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನು ಹಾಸನದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಮನೆ ಸಕಲೇಶಪುರ ತಾಲ್ಲೂಕಿನಲ್ಲಿ. ಅಪ್ಪನಿಗೆ ಸ್ವಲ್ಪ ರೊಬಸ್ಟಾ ಕಾಫಿ ತೋಟವಿದೆ, ಅದರ ಮೇಲೆ ಬ್ಯಾಂಕಿನ ಸಾಲವಿದೆ. ತಮ್ಮ ಇನ್ನೂ ಓದುತ್ತಿದ್ದಾನೆ. ನನ್ನ ಜೊತೆ ಓದಿದವರಲ್ಲಿ ಹಲವರು ಜರ್ಮನಿಯಲ್ಲಿದ್ದಾರೆ. ನಾನೂ ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿದ್ದೇನೆ. ಬಿ2 ಪಾಸಾದರೆ ಅಲ್ಲಿ ಕೆಲಸ ಸಿಗುವುದು ಹೆಚ್ಚುಕಡಿಮೆ ಖಚಿತ.

ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿ ನಮ್ಮ ಸಭೆಯಲ್ಲಿದೆ. ನನಗೆ ಬಂದದ್ದು ಯೆರೆಮೀಯ 29:11. ದೇವರಿಗೆ ನಮ್ಮ ಬಗ್ಗೆ ಇರುವುದು ಹಿತದ ಆಲೋಚನೆಗಳು, ನಮಗೊಂದು ಒಳ್ಳೆಯ ಮುಂದಿನ ದಿನವಿದೆ ಎನ್ನುವ ವಚನ. ಸೋದರತ್ತೆ ಅದನ್ನು ನೋಡಿದವರೇ "ಇದೇ ಉತ್ತರ, ಪಾಸ್‌ಪೋರ್ಟ್ ಸಿದ್ಧ ಮಾಡಿಕೋ" ಎಂದರು. ಅಮ್ಮ ಅದೇ ಚೀಟಿಯನ್ನು ಓದಿ "ಇಲ್ಲೇ ಇರು, ನಾನು ನೋಡಿಕೊಳ್ಳುತ್ತೇನೆ ಎಂದು ದೇವರು ಹೇಳುತ್ತಿದ್ದಾರೆ" ಎಂದರು.

ಪ್ರಾರ್ಥನೆಯಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಸಾಕ್ಷಿ ಹೇಳುವವರೆಲ್ಲ "ದೇವರು ನನ್ನೊಡನೆ ಮಾತನಾಡಿದರು" ಎನ್ನುತ್ತಾರೆ. ನನಗೆ ಆ ಅನುಭವ ಒಮ್ಮೆಯೂ ಆಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಕರೆ ಹೇಗೆ ತಿಳಿಯಿತು? ದಯವಿಟ್ಟು ನೇರವಾಗಿ ಹೇಳಿ. ನನಗೆ ಇದು ಬಹಳ ಮುಖ್ಯ.

ಬೇಲೂರು ಓದುಗ

ನಿಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ, ಸಹೋದರಿ. ದೇವರ ಸಮಯ ತಪ್ಪುವುದಿಲ್ಲ.

ನಿವೃತ್ತ ಶಿಕ್ಷಕ, ಹಾಸನ

ಮಗಳೇ, ಆ ವಚನವನ್ನು ಚೀಟಿಯಿಂದ ಬಿಡಿಸಿ, ಅದು ಹುಟ್ಟಿದ ಅಧ್ಯಾಯಕ್ಕೆ ಮರಳಿಸಿ ಓದು. ಅದೊಂದು ಪತ್ರ. ಯೆರೆಮೀಯನು ಯೆರೂಸಲೇಮಿನಿಂದ ಬಾಬೆಲಿಗೆ ಬರೆದದ್ದು. ಕ್ರಿ.ಪೂ. 597ರಲ್ಲಿ ಅರಸನ ಜೊತೆಗೆ ಕಮ್ಮಾರರು, ಕುಶಲಕರ್ಮಿಗಳು, ಪ್ರಮುಖರು ಎಲ್ಲರನ್ನೂ ಸೆರೆ ಹಿಡಿದು ಒಯ್ದಿದ್ದರು. ಇಂದು ಮರಳಿಯೇವು, ನಾಳೆ ಮರಳಿಯೇವು ಎಂದು ಅವರು ಕಾಯುತ್ತಿದ್ದರು. ಹನ್ನೊಂದನೆಯ ವಚನಕ್ಕೆ ಮುಂಚೆ ಹತ್ತನೆಯದು ಏನೆನ್ನುತ್ತದೆ? ಎಪ್ಪತ್ತು ವರ್ಷ. ಆ ಪತ್ರವನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನ ಮಣ್ಣಿನಲ್ಲೇ ಮಣ್ಣಾಗುವವರು. ಅವರಿಗೆ ದೇವರು ಕೊಟ್ಟ ಅಪ್ಪಣೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತಾರೆ ಎಂದು ದೇವಾಲಯದಲ್ಲಿ ಜನರ ಮುಂದೆ ಘೋಷಿಸುತ್ತಾನೆ. ಕೇಳಲು ಎಷ್ಟು ಹಿತ! ಯೆರೆಮೀಯನು ಮೊದಲು ಹೇಳುವುದು "ಆಮೆನ್, ಕರ್ತನು ಹಾಗೆಯೇ ಮಾಡಲಿ" ಎಂದು. ಅವನಿಗೂ ಅದೇ ಆಸೆಯಿತ್ತು. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನು ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯನು ಕಿತ್ತು ಮುರಿದಾಗ ಯೆರೆಮೀಯನು ಏನೂ ಹೇಳದೆ ಹೊರಟುಹೋಗುತ್ತಾನೆ. ದೇವರ ಮಾತು ಅವನಿಗೆ ಬಂದದ್ದು ಆಮೇಲೆ. ನಾನು ಇಷ್ಟು ವರ್ಷ ಓದಿದ ಬೈಬಲ್‌ನಲ್ಲಿ ಈ "ಹೊರಟುಹೋದನು" ಎನ್ನುವ ಸಾಲು ನನಗೆ ಬಹಳ ಪ್ರಿಯ. ಪ್ರವಾದಿಗೂ ತಕ್ಷಣ ಉತ್ತರ ಸಿಗಲಿಲ್ಲ. ಸಿಗದಿದ್ದಾಗ ಅವನು ತಾನಾಗಿ ಉತ್ತರ ಕಟ್ಟಲಿಲ್ಲ.

ಹಾಗಾಗಿ ನಿನ್ನ ಅತ್ತೆಯ ಅರ್ಥವನ್ನೂ ಅಮ್ಮನ ಅರ್ಥವನ್ನೂ ನಾನು ಒಪ್ಪುವುದಿಲ್ಲ. ಆ ಪತ್ರ ಹೋಗು ಎಂದೂ ಹೇಳುವುದಿಲ್ಲ, ಇರು ಎಂದೂ ಹೇಳುವುದಿಲ್ಲ. ನೀನು ಎಲ್ಲಿರುತ್ತೀಯೋ ಆ ಊರಿನ ಕ್ಷೇಮ ನಿನ್ನ ಜವಾಬ್ದಾರಿ ಎನ್ನುತ್ತದೆ. ಕರೆ ಎಂದರೆ ನನ್ನ ಮಟ್ಟಿಗೆ ಅಷ್ಟೇ.

ಸಭಾಸೇವಕ, ಚಿಕ್ಕಮಗಳೂರು

ಶಿಕ್ಷಕರ ವಿವರಣೆ ಸರಿಯಾಗಿದೆ, ಕೊನೆಯ ವಾಕ್ಯ ಮಾತ್ರ ಒಪ್ಪಿಗೆಯಾಗಲಿಲ್ಲ. ಎದುರಿಗಿರುವ ಕೆಲಸವೇ ಕರೆ ಎಂದುಬಿಟ್ಟರೆ ಅಬ್ರಹಾಮನು ಹಾರಾನಿನಲ್ಲೇ ಕುರಿ ಕಾಯುತ್ತಿದ್ದನು. ಎಪ್ಪತ್ತೈದನೆಯ ವಯಸ್ಸಿನಲ್ಲಿ ಹೊರಡು ಎಂಬ ಮಾತು ಬಂದಿತು, ಹೊರಟನು. ದೇವರು ಇಂದಿಗೂ ಜನರನ್ನು ಊರು ಬಿಡಿಸುತ್ತಾರೆ. ನಮ್ಮ ನಾಡಿಗೆ ಬಂದವರನ್ನೇ ನೋಡಿ. ಕಿಟ್ಟೆಲ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹುಡುಗ. ಬಂದದ್ದು ಸುವಾರ್ತೆ ಸಾರಲು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ತನ್ನ ಕರೆಯ ಫಲ ಯಾವುದು ಎಂದು ಅವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ. ಇಂದು ಕನ್ನಡ ಓದುವ ಪ್ರತಿಯೊಬ್ಬರೂ ಅವರಿಗೆ ಋಣಿಗಳು. ಅದೇ ಜರ್ಮನಿಗೆ ನಮ್ಮ ಮಗಳೊಬ್ಬಳು ರೋಗಿಗಳ ಸೇವೆಗೆ ಹೋದರೆ ಅದು ದೇವರ ಚಿತ್ತವಲ್ಲ ಎಂದು ಯಾರು ಹೇಳಬಲ್ಲರು?

ಇನ್ನೊಂದು ಮಾತು. ಸಂಬಳಕ್ಕಾಗಿ ಹೋಗುವುದು ಕೀಳು ಎಂಬ ಅಳುಕು ನಿನ್ನ ಬರಹದ ಒಳಗೆಲ್ಲೋ ಇದೆ. ಅದು ಬೇಡ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ಊಟ ಸಂಪಾದಿಸಿದನು. ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆಯಲ್ಲಿ ಅವರ ಸಾಲವೂ ಸೇರಿದೆ.

ಮೂಡಿಗೆರೆ ಬೆಳೆಗಾರ

ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ತಂಗಿ, ಸಾಲದ ಲೆಕ್ಕವನ್ನೂ ಕರೆಯ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಡ. ಮೊದಲು ಅಪ್ಪನ ಜೊತೆ ಕುಳಿತು ಬ್ಯಾಂಕಿನ ಕಾಗದ ಬಿಚ್ಚಿ ನೋಡು. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಿಂಗಳಿಗೆ ಕಂತು. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆಯ ಮಟ್ಟಕ್ಕೆ ಏರಿತು. ಅದಕ್ಕೆ ಕೆಲವು ವರ್ಷ ಹಿಂದೆ ರೊಬಸ್ಟಾ ಕಿತ್ತು ಬೇರೇನಾದರೂ ಹಾಕೋಣ ಎಂದವರು ನಮ್ಮ ಸುತ್ತಲೇ ಇದ್ದರು. ಬೆಲೆ ಏರಿದ ವರ್ಷ ತೀರಿಸಬಹುದಾದ ಸಾಲಕ್ಕಾಗಿ ಬದುಕಿನ ದಿಕ್ಕನ್ನು ನಿರ್ಧರಿಸಬಾರದು.

ನಂಬಿಕೆಯ ಬಗ್ಗೆ ನನಗೆ ತಿಳಿದದ್ದು ತೋಟದಿಂದ ತಿಳಿದದ್ದು. ಫೆಬ್ರವರಿ ಮಾರ್ಚಿನಲ್ಲಿ ಒಂದು ಇಂಚು ಹೂಮಳೆ ಸರಿಯಾಗಿ ಬಿದ್ದರೆ ರೊಬಸ್ಟಾ ಗಿಡ ಬೆಳ್ಳಗೆ ಅರಳುತ್ತದೆ. ಹನಿ ಹನಿ ಉದುರಿ ನಿಂತರೆ ಮೊಗ್ಗು ಅರ್ಧಕ್ಕೆ ಕೆಡುತ್ತದೆ, ಆ ವರ್ಷದ ಬೆಳೆಯೂ ಕೆಡುತ್ತದೆ. ಇದು ನಮ್ಮ ಕೈಯಲ್ಲಿಲ್ಲ. ಹಾಗೆಂದು ನಮ್ಮಪ್ಪ ಕೈಕಟ್ಟಿ ಕೂರಲಿಲ್ಲ. ಕೊಯ್ಲು ಮುಗಿದ ಕೂಡಲೇ ಕಪಾತು ಮಾಡಿಸುತ್ತಿದ್ದರು, ಕೆರೆಯ ಹೂಳು ತೆಗೆಸುತ್ತಿದ್ದರು, ಪೈಪಿನ ಜೋಡಣೆ ಒಂದೊಂದನ್ನೂ ಬಿಚ್ಚಿ ತೊಳೆದು ಇಡುತ್ತಿದ್ದರು. ರಾತ್ರಿ ಮನೆ ಪ್ರಾರ್ಥನೆಯಲ್ಲಿ ಮಳೆ ಕೇಳುತ್ತಿದ್ದರು. ಬರದ ವರ್ಷ ಹಬಕ್ಕೂಕನ ಮೂರನೆಯ ಅಧ್ಯಾಯ ಓದಿಸುತ್ತಿದ್ದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಹೊಲ ಬರಿದಾದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಉಲ್ಲಾಸಿಸುವೆನು ಎನ್ನುವ ಭಾಗ. ಓದುವಾಗ ಅವರ ಧ್ವನಿ ಗಟ್ಟಿಯಾಗಿಯೇ ಇರುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಿದ್ದರು. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದು ಎಂದು ನಾನು ಕಲಿತದ್ದು ಅಲ್ಲಿ.

ಆಮೋಸನೂ ನಮ್ಮಂಥವನೇ. ಪ್ರವಾದಿಯ ಮಗನಲ್ಲ, ದನ ಕುರಿ ಕಾಯುವವನು, ಅತ್ತಿಮರ ನೋಡಿಕೊಳ್ಳುವವನು. ನಮ್ಮ ತೋಟದ ನೆರಳಿಗೆ ಇರುವ ಅತ್ತಿಗಳನ್ನು ಕಂಡಾಗೆಲ್ಲ ಅವನ ನೆನಪಾಗುತ್ತದೆ.

ಅರಕಲಗೂಡು_ಹುಡುಗ

ನಾನು ಈಗ ಚರ್ಚಿಗೆ ಹೋಗುವುದಿಲ್ಲ. ಡಯಾಲಿಸಿಸ್ ಎನ್ನುವ ಶಬ್ದ ನೋಡಿ ಓದಿದೆ.

ನಮ್ಮಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿತ್ತು. ಹೊರಗಿನಿಂದ ಬಂದ ಬೋಧಕರೊಬ್ಬರು ಕೂಟದಲ್ಲಿ ಅಪ್ಪನ ತಲೆಯ ಮೇಲೆ ಕೈಯಿಟ್ಟು "ಇಂದು ನಿನ್ನ ಕಿಡ್ನಿ ಹೊಸದಾಗಿದೆ, ಇನ್ನು ಮೆಷಿನ್ ಬೇಡ" ಎಂದರು. ಅಪ್ಪ ನಂಬಿದರು. ನಾವೂ ನಂಬಿದೆವು. ಮುಂದಿನ ಎರಡು ಸರದಿಗಳಿಗೆ ಹೋಗಲಿಲ್ಲ. ಕಾಲು ಊದಿತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತಿರುತ್ತಿದ್ದರು. ಆಸ್ಪತ್ರೆಗೆ ಒಯ್ದಾಗ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಬದುಕಿದರು, ಆದರೆ ಮೊದಲಿನಂತೆ ಆಗಲೇ ಇಲ್ಲ. ಮಳೆಗಾಲ ದಾಟಲಿಲ್ಲ. ಆ ಬೋಧಕರ ಕಡೆಯವರು ಆಮೇಲೆ ಹೇಳಿದ್ದು, "ನಿಮ್ಮ ಮನೆಯಲ್ಲಿ ಯಾರಿಗೋ ವಿಶ್ವಾಸ ಸಾಲದೆ ಹೋಯಿತು" ಎಂದು.

ಯಾರಿಗೆ ಸಾಲದೆ ಹೋಯಿತು? ಉಸಿರು ಕಟ್ಟಿದರೂ ಹಾಡು ಹೇಳುತ್ತಿದ್ದ ಅಪ್ಪನಿಗೋ? ಕರೆ, ಧ್ವನಿ, ದರ್ಶನ ಎಂದು ಬರೆಯುವವರು ಇದಕ್ಕೆ ಉತ್ತರ ಹೇಳಿ.

ಸಭಾಸೇವಕ, ಚಿಕ್ಕಮಗಳೂರು

ತಮ್ಮಾ, ದೇವರು ಹೇಳದ ಮಾತನ್ನು ದೇವರ ಹೆಸರಿನಲ್ಲಿ ಹೇಳುವುದು ಅವರ ನಾಮವನ್ನು ವ್ಯರ್ಥವಾಗಿ ಎತ್ತುವುದು. ಹತ್ತು ಆಜ್ಞೆಗಳಲ್ಲಿ ಇರುವ ಪಾಪ ಅದು. ಶಿಕ್ಷಕರು ಮೇಲೆ ಹನನ್ಯನ ಕಥೆ ಹೇಳಿದರಲ್ಲ, ಅವನಿಗೆ ಯೆರೆಮೀಯನು ಕೊನೆಗೆ ಹೇಳುವುದೂ ಅದನ್ನೇ: ಕರ್ತನು ನಿನ್ನನ್ನು ಕಳುಹಿಸಲಿಲ್ಲ, ಈ ಜನರು ಸುಳ್ಳನ್ನು ನಂಬುವಂತೆ ಮಾಡಿದ್ದೀ. ನಾನು ದೇವರು ಗುಣಪಡಿಸುತ್ತಾರೆ ಎಂದು ನಂಬುವವನು, ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವವನು. ಹಿಜ್ಕೀಯ ಅರಸನಿಗೆ ಹದಿನೈದು ವರ್ಷ ಆಯುಸ್ಸು ಕೂಡಿತು ಎಂಬ ದೇವರ ಮಾತನ್ನು ತಂದ ಯೆಶಾಯನೇ, ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಿರಿ ಎಂದು ಔಷಧವನ್ನೂ ಹೇಳಿದನು. ಮೆಷಿನ್ ಬೇಡ ಎನ್ನುವ ಅಧಿಕಾರ ಯಾವ ಬೋಧಕನಿಗೂ ಇಲ್ಲ.

ನಿಮ್ಮ ತಂದೆಯ ವಿಶ್ವಾಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಪೌಲನು ತನ್ನನ್ನು ಬಾಧಿಸುತ್ತಿದ್ದ ಶರೀರದ ಮುಳ್ಳು ತೆಗೆಯಬೇಕೆಂದು ಮೂರು ಸಾರಿ ಬೇಡಿದನು, ಅದು ಹೋಗಲಿಲ್ಲ. ಯೇಸು ಗೆತ್ಸೇಮನೆಯಲ್ಲಿ ಸಂಕಟದ ಪಾತ್ರೆಯು ದಾಟಿಹೋಗಲಿ ಎಂದು ಬೇಡಿದರು, ಅದೂ ದಾಟಲಿಲ್ಲ. ಅವರಿಗೂ ವಿಶ್ವಾಸ ಸಾಲದೆ ಹೋಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಬಾಳೆಹೊನ್ನೂರಿನ ತಾಯಿ

ಅರಕಲಗೂಡಿನ ಮಗನಿಗೆ ಮೊದಲು. ಸ್ನಾನಿಕ ಯೊವಾನ್ನನು ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ ಯೇಸುವನ್ನು ಕೇಳಿಸಿದ: "ಬರಬೇಕಾದವರು ನೀವೋ, ಇಲ್ಲವೇ ಬೇರೊಬ್ಬರಿಗಾಗಿ ಕಾಯಬೇಕೋ?" ನದಿಯಲ್ಲಿ ನಿಂತು ಅವರಿಗೆ ದೀಕ್ಷಾಸ್ನಾನ ಕೊಟ್ಟವನೇ ಈ ಪ್ರಶ್ನೆ ಕೇಳುತ್ತಾನೆ. ಯೇಸು ಅವನನ್ನು ಗದರಿಸಲಿಲ್ಲ. ಕುರುಡರು ನೋಡುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಾರಲಾಗುತ್ತಿದೆ ಎಂದು ಹೇಳಿ ಕಳುಹಿಸಿದರು. ಆಮೇಲೆ ಜನರ ಮುಂದೆ ಅವನನ್ನು ಹೊಗಳಿದರು. ಆದರೂ ಸೆರೆಮನೆಯ ಬಾಗಿಲು ತೆರೆಯಲಿಲ್ಲ, ಯೊವಾನ್ನನ ತಲೆ ಉಳಿಯಲಿಲ್ಲ. ಇದನ್ನು ನಾನು ಬಿಡಿಸಿ ಹೇಳಲಾರೆ. ನಿನ್ನ ಪ್ರಶ್ನೆಯನ್ನು ಕೇಳಬೇಡ ಎಂದು ಯೇಸು ಹೇಳುವುದಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

ಇನ್ನು ಕಾಫಿಹೂವಿಗೆ. ನಾವು ಕಥೋಲಿಕರು. ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಗುಂಡು ತಗುಲಿ ಕಾಲು ಮುರಿದುಕೊಂಡು ಮಲಗಿದ್ದರು. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆ ಮಾತ್ರ. ಹಾಸಿಗೆಯಲ್ಲಿ ಅವರು ಒಂದನ್ನು ಗಮನಿಸಿದರು. ಕೀರ್ತಿಯ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬದುಕುವ ಯೋಚನೆ ಬಂದಾಗಲೂ ಖುಷಿ, ಅದು ಹೋದ ಮೇಲೂ ಖುಷಿ ಉಳಿಯುತ್ತಿತ್ತು. ಅವರು ಧ್ವನಿಗಾಗಿ ಕಾಯಲಿಲ್ಲ, ಉಳಿದದ್ದು ಏನು ಎಂದು ನೋಡಿದರು. ಜರ್ಮನಿಯ ವಾರ್ಡಿನಲ್ಲಿ ನಿನ್ನನ್ನು ಕಲ್ಪಿಸಿಕೊಂಡು ಒಂದು ವಾರ ಇರು, ಹಾಸನದಲ್ಲೇ ಇರುವಂತೆ ಒಂದು ವಾರ ಇರು. ಯಾವುದರ ನಂತರ ಏನು ಉಳಿಯುತ್ತದೆ ನೋಡು. ಅವರದೇ ಇನ್ನೊಂದು ನಿಯಮ: ಮನಸ್ಸು ಕತ್ತಲಲ್ಲಿರುವಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು.

ಧ್ವನಿ ಕೇಳಿದವರ ಕಥೆಯೂ ಸುಲಭವಲ್ಲ, ತಾಯಿ. ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಕರೆ ಪಡೆದರು. ಕಾನ್ವೆಂಟ್ ಬಿಟ್ಟು ಬೀದಿಗೆ ಇಳಿಯಲು ಅನುಮತಿ ಸಿಕ್ಕಿದ್ದು 1948ರಲ್ಲಿ. ಕೆಲಸ ಶುರುವಾದ ಮೇಲೆ ಒಳಗೆ ಕತ್ತಲು ಕವಿಯಿತು, ದಶಕಗಳ ಕಾಲ. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಪತ್ರಗಳು ಪುಸ್ತಕವಾಗಿ ಪ್ರಕಟವಾದಾಗ ಲೋಕಕ್ಕೆಲ್ಲ ತಿಳಿಯಿತು. ಆ ಕತ್ತಲಿನಲ್ಲೇ ಪ್ರತಿದಿನ ಎದ್ದು ಸಾಯುವವರ ಗಾಯ ತೊಳೆದರು. ನಿನಗೆ ಏನೂ ಕೇಳಿಸುವುದಿಲ್ಲ ಎಂದರೆ ನೀನು ಬಹಳ ಒಳ್ಳೆಯವರ ಸಾಲಿನಲ್ಲಿದ್ದೀಯೆ.

ಶೆಟ್ಟಿಹಳ್ಳಿಯ ಮೊಮ್ಮಗಳು

ನಮ್ಮ ಅಜ್ಜಿಯ ಊರು ಹೇಮಾವತಿ ಜಲಾಶಯದಲ್ಲಿ ಮುಳುಗಿತು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಯಲ್ಲಿ ಹೊರಬರುವ ರೋಸರಿ ಚರ್ಚಿನ ಚಿತ್ರ ಎಲ್ಲರೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಈಗ ಛಾವಣಿಯಿಲ್ಲ, ಕಮಾನುಗಳಿವೆ. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳಲು ಜೋಡಿಗಳು ಬರುತ್ತಾರೆ. ಅಜ್ಜಿಗೆ ಅದು ಫೋಟೊದ ಜಾಗವಾಗಿರಲಿಲ್ಲ. ಮೊದಲ ಪರಮಪ್ರಸಾದ ಸ್ವೀಕರಿಸಿದ ಜಾಗ. ನೀರು ಬರುತ್ತದೆ ಎಂದು ತಿಳಿದ ಮೇಲೂ ದೇವರು ತನ್ನ ಮನೆಯನ್ನು ಮುಳುಗಲು ಬಿಡುವುದಿಲ್ಲ ಎಂದು ನಂಬಿದ್ದರಂತೆ. ಮುಳುಗಿತು. ಹೊಸ ಜಾಗಕ್ಕೆ ಬಂದ ಮೇಲೂ ಸಂಜೆಯ ಜಪಮಾಲೆ ಒಂದು ದಿನ ತಪ್ಪಿಸಲಿಲ್ಲ. ದೇವರ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದ್ದೆ. "ಬಂದಿತ್ತು, ಅದನ್ನೂ ಅವರಿಗೇ ಹೇಳಿದೆ" ಎಂದರು. ಅರಕಲಗೂಡಿನ ಅಣ್ಣ, ನಿಮ್ಮ ಬರಹ ಓದಿ ಅಜ್ಜಿಯ ಆ ಮಾತು ನೆನಪಾಯಿತು.

ಅರಕಲಗೂಡು_ಹುಡುಗ

ಪಾದ್ರಿಯೊಬ್ಬರು ಅದನ್ನು ಪಾಪ ಎಂದು ಹೇಳಿದ್ದನ್ನು ಮೊದಲ ಸಲ ಕೇಳುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳುತ್ತೇನೆ. ಇದಕ್ಕಿಂತ ಹೆಚ್ಚು ಏನೂ ಹೇಳಲಾರೆ.

ಕಾಫಿಹೂವು, ಸಕಲೇಶಪುರ

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಅರಕಲಗೂಡಿನ ಸಹೋದರರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸರದಿ ತಪ್ಪಿಸಿದವರು ಬಂದಾಗ ನಾವು ಬೈಯುವುದಿಲ್ಲ. ಅವರ ಹಿಂದೆ ಏನು ನಡೆದಿರುತ್ತದೆ ಎಂದು ನಮಗೆ ಗೊತ್ತಿರುವುದಿಲ್ಲ. ಇನ್ನು ಮುಂದೆ ಅಂಥವರು ಬಂದಾಗ ನಿಮ್ಮ ತಂದೆಯನ್ನು ನೆನೆಯುತ್ತೇನೆ.

ನಮ್ಮ ವಾರ್ಡಿಗೆ ಒಬ್ಬ ಅಜ್ಜಿ ಬರುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಹೊರಟು ಬಂದು, ಮೆಷಿನ್ ಮೇಲೆ ನಾಲ್ಕು ಗಂಟೆ ಇದ್ದು, ಮಧ್ಯಾಹ್ನ ಹಿಂದಿರುಗುತ್ತಾರೆ. ಅವರ ಕೈಯ ರಕ್ತನಾಳ ತೀರಾ ಸೂಕ್ಷ್ಮ. ಸೂಜಿ ಹಾಕುವ ಮೊದಲು ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್ ಎಂದು ಹರಿಯುವುದು ತಿಳಿಯುತ್ತದೆ. ಅದು ತಿಳಿದರೆ ನಾಳ ಚೆನ್ನಾಗಿದೆ ಎಂದು ಅರ್ಥ. ನಾನು ಬೆರಳಿಟ್ಟಾಗ ಅಜ್ಜಿ ಪ್ರತಿ ಸಲ "ಇದೆಯಾ?" ಎಂದು ಕೇಳುತ್ತಾರೆ. "ಇದೆ" ಎನ್ನುತ್ತೇನೆ. ಅವರು ಕಣ್ಣು ಮುಚ್ಚುತ್ತಾರೆ. ಅವರು ಕ್ರೈಸ್ತರಲ್ಲ, ಊರ ದೇವರ ಹೆಸರು ಹೇಳಿಕೊಳ್ಳುತ್ತಾರೆ. ನಾನು ನನ್ನ ಕರ್ತನ ಹೆಸರು ಹೇಳಿಕೊಂಡು ಸೂಜಿ ಹಾಕುತ್ತೇನೆ. ಬಾಳೆಹೊನ್ನೂರಿನ ತಾಯಿ ಹೇಳಿದಂತೆ ಉಳಿಯುವುದೇನು ಎಂದು ನೋಡಿದಾಗ ನನ್ನೊಳಗೆ ಉಳಿದದ್ದು ಇದು. ಜರ್ಮನಿಯ ಯೋಚನೆ ಕೆಟ್ಟದ್ದನ್ನೇನೂ ಉಳಿಸಲಿಲ್ಲ ಎನ್ನುವುದನ್ನೂ ಹೇಳಬೇಕು. ಅಲ್ಲಿಯೂ ಇಂಥ ಕೈಗಳಿರುತ್ತವೆ.

ಬೆಳೆಗಾರ ಅಣ್ಣ ಹೇಳಿದಂತೆ ಅಪ್ಪನ ಜೊತೆ ಕುಳಿತು ಬ್ಯಾಂಕಿನ ಕಾಗದ ನೋಡಿದೆ. ಸಾಲ ನಾನು ಹೆದರಿದಷ್ಟು ಇಲ್ಲ. ಅಪ್ಪ ಒಂದು ಮಾತು ಹೇಳಿದರು: "ಇದು ನನ್ನ ಸಾಲ. ಇದಕ್ಕಾಗಿ ಹೋಗುತ್ತೇನೆ ಎಂದರೆ ಬೇಡ. ನಿನಗಾಗಿ ಹೋಗುತ್ತೇನೆ ಎಂದರೆ ಬಸ್ ಹತ್ತಿಸಿ ಬರುತ್ತೇನೆ." ಅಮ್ಮ ಏನೂ ಹೇಳಲಿಲ್ಲ, ಊಟ ಬಡಿಸಿದರು.

ಸದ್ಯಕ್ಕೆ ನಿರ್ಧರಿಸಿದ್ದು ಇಷ್ಟು. ವಿಭಾಗಕ್ಕೆ ಹೊಸದಾಗಿ ಇಬ್ಬರು ನರ್ಸ್‌ಗಳು ಬಂದಿದ್ದಾರೆ. ಕಷ್ಟದ ನಾಳಗಳಿಗೆ ಸೂಜಿ ಹಾಕುವುದು ಅವರ ಕೈಗೆ ಕೂರುವವರೆಗೆ ನಾನು ಹಾಸನ ಬಿಡುವುದಿಲ್ಲ. ಬಿ2 ಓದನ್ನು ನಿಲ್ಲಿಸುವುದಿಲ್ಲ. ಆಮೇಲೆ ಬಾಗಿಲು ತೆರೆದಿದ್ದರೆ ಹೋಗುತ್ತೇನೆ, ಮುಚ್ಚಿದ್ದರೆ ಇಲ್ಲೇ ಇರುತ್ತೇನೆ. ಇದು ಧ್ವನಿ ಕೇಳಿ ಮಾಡಿದ ನಿರ್ಧಾರವಲ್ಲ. ಸಭಾಸೇವಕರಿಗೆ ಇದು ಸಾಲದು ಅನ್ನಿಸಬಹುದು. ಆದರೆ ಇದನ್ನು ದೇವರ ಮುಂದೆ ಇಟ್ಟು ಮಲಗಿದ ರಾತ್ರಿ ನನಗೆ ನಿದ್ದೆ ಬಂದಿತು.

ಸಭಾಸೇವಕ, ಚಿಕ್ಕಮಗಳೂರು

ಸಾಲದು ಅನ್ನಿಸಲಿಲ್ಲ. ಪೌಲನು ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ಆತ್ಮನು ಬಿಡಲಿಲ್ಲ ಎಂದು ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಪ್ರಯತ್ನಿಸಿದ ಮೇಲೆಯೇ ಬಾಗಿಲು ಮುಚ್ಚಿದ್ದು ತಿಳಿದದ್ದು. ನೀನು ಪರೀಕ್ಷೆಗೆ ಕೂರು. ಯಾವ ದಿನವೆಂದು ಹೇಳು, ನಮ್ಮ ಉಪವಾಸ ಪ್ರಾರ್ಥನೆಯಲ್ಲಿ ನಿನ್ನ ಪರೀಕ್ಷೆಯನ್ನೂ ಆ ಅಜ್ಜಿಯನ್ನೂ ಸೇರಿಸಿಕೊಳ್ಳುತ್ತೇವೆ.

ಕಾಫಿಹೂವು, ಸಕಲೇಶಪುರ

ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಜರ್ಮನಿಯಲ್ಲಿ ನರ್ಸ್ ಆಗಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿ ಭಾನುವಾರದ ಪಾಳಿ ಹೇಗಿರುತ್ತದೆ, ಆರಾಧನೆಗೆ ಹೋಗಲು ಬಿಡುವು ಸಿಗುತ್ತದೆಯೇ ಎಂದು ಬರೆಯಿರಿ.